ಅಜ್ಜಿಗೆ ಹಿಡಿದ ಕೊಡೆಯಡಿ ಆಫೀಸು ಕಟ್ಟಡಗಳಿಗೇನು ಕೆಲಸ?

ಮಾನ್ಯ ಸಂಪಾದಕರೇ,

ನಮಸ್ಕಾರ. ಕ್ಯಾಲಿಫೋರ್ನಿಯಾ ಸರ್ಕಾರದ ಬಜೆಟ್‌ನಲ್ಲಿ ಮತ್ತೆ ಖೋತಾ ಅಂತ ಸುದ್ದಿ ಬಂದಾಗಲೆಲ್ಲ ನನಗೆ ಊರಿನಿಂದ ಫೋನ್ ಬರುತ್ತದೆ. "ಅಲ್ಲ ಕಣೇ, ಗೂಗಲ್ಲು, ಆಪಲ್ಲು ಎಲ್ಲಾ ಅಲ್ಲೇ ಇವೆ, ಆ ರಾಜ್ಯಕ್ಕೇ ದುಡ್ಡಿಲ್ಲ ಅಂದ್ರೆ ಏನರ್ಥ?" ಅಂತ ನಮ್ಮಣ್ಣ ಕೇಳುತ್ತಾನೆ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಇಲ್ಲಿನ ಆಸ್ತಿ ತೆರಿಗೆಯ ನಿಯಮ ಪ್ರಾಪ್ 13ರಿಂದ ಶುರು ಮಾಡಬೇಕು (ಪ್ರಾಪ್ ಅಂದರೆ ಪ್ರಾಪೊಸಿಷನ್, ಜನರ ವೋಟಿಗೆ ಇಡುವ ಪ್ರಸ್ತಾವ). ನಿಮ್ಮ ಪತ್ರಿಕೆಯನ್ನು ದಿನಾ ಆನ್‌ಲೈನ್‌ನಲ್ಲಿ ಓದುವ ಕನ್ನಡಿಗರು ಇಲ್ಲೂ ಬಹಳ ಜನ ಇದ್ದಾರೆ. ಇಲ್ಲಿ ಮನೆ ಮಾಡಿದ್ದಾರೆ, ಪೌರತ್ವ ತಗೊಂಡಿದ್ದಾರೆ, ವೋಟು ಹಾಕುತ್ತಾರೆ. ಅಣ್ಣನಿಗೆ ಉತ್ತರ ಅನ್ನುವುದಕ್ಕಿಂತ ಇವರಿಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ ಅಂದುಕೊಳ್ಳಿ.

ನಾವಿರುವುದು ಫ್ರೀಮಾಂಟ್‌ನಲ್ಲಿ. ಪ್ರತಿ ಅಕ್ಟೋಬರ್‌ನಲ್ಲಿ ಕೌಂಟಿಯಿಂದ, ಅಂದರೆ ಇಲ್ಲಿನ ಜಿಲ್ಲಾಡಳಿತದಿಂದ, ಮನೆ ಕಂದಾಯದ ಬಿಲ್ಲು ಬರುತ್ತದೆ. ಎರಡು ಕಂತು. ಮೊದಲನೆಯದಕ್ಕೆ ಡಿಸೆಂಬರ್ 10 ಕಡೇ ದಿನ, ಎರಡನೆಯದಕ್ಕೆ ಏಪ್ರಿಲ್ 10. ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಒಬ್ಬರೇ. ಕಣ್ಣು ಸ್ವಲ್ಪ ಮಂಜು. ಹಾಗಾಗಿ ಕೆಲವು ವರ್ಷಗಳಿಂದ ಅವರ ಬಿಲ್ಲು ಓದಿ ಹೇಳಿ, ಚೆಕ್ ಬರೆದು, ಅವರ ಸಹಿ ಹಾಕಿಸಿ ಲಕೋಟೆಗೆ ಹಾಕುವುದು ನನ್ನ ಕೆಲಸ. ಮೊದಲ ಸಲ ಆ ಬಿಲ್ಲು ನೋಡಿದಾಗ ಏನೋ ತಪ್ಪಾಗಿದೆ ಅಂದುಕೊಂಡೆ. ಸೊನ್ನೆ ಒಂದು ಬಿಟ್ಟುಹೋಗಿದೆಯಾ ಅಂತ ಎರಡು ಸಲ ಓದಿದೆ.

ಅವರ ಮನೆ, ನಮ್ಮ ಮನೆ, ಎದುರಿನ ಮನೆ, ಮೂರನ್ನೂ ಒಂದೇ ಬಿಲ್ಡರ್ ಒಂದೇ ನಕ್ಷೆಯಲ್ಲಿ ಕಟ್ಟಿದ್ದು. ಮೂರು ಬೆಡ್‌ರೂಮು, ಮುಂದೆ ಗ್ಯಾರೇಜು, ಅಡುಗೆಮನೆ ಕಿಟಕಿ ಕೂಡ ಅದೇ ಜಾಗದಲ್ಲಿ. ಅಜ್ಜಿ 1974ರಲ್ಲಿ ತಗೊಂಡರು. ನಾವು 2004ರಲ್ಲಿ ಆರೂವರೆ ಲಕ್ಷ ಡಾಲರ್ ಕೊಟ್ಟೆವು. ಎದುರಿನ ಮನೆಗೆ 2022ರಲ್ಲಿ ಬಂದ ಹುಡುಗ ಹುಡುಗಿ ಸುಮಾರು 19 ಲಕ್ಷ ಕೊಟ್ಟಿದ್ದಾರೆ. ಊರಿನ ಸಾಲದ ಬಾಂಡಿಗೆ ಅಂತ ಸೇರಿಸುವುದು, ಅದು ಇದು ಬಿಟ್ಟು ಮೂಲ ಕಂದಾಯ ಮಾತ್ರ ಹೇಳುತ್ತೇನೆ. ಅಜ್ಜಿಗೆ ವರ್ಷಕ್ಕೆ ಒಂದು ಸಾವಿರ ಚಿಲ್ಲರೆ ಡಾಲರ್. ನಮಗೆ ಒಂಬತ್ತು ಸಾವಿರದ ಮೇಲೆ. ಎದುರಿನವರಿಗೆ ಹತ್ತೊಂಬತ್ತು ಸಾವಿರ ದಾಟಿದೆ. ಬೀದಿ ಒಂದೇ, ಕಸದ ಲಾರಿ ಒಂದೇ, ಬೆಂಕಿ ಬಿದ್ದರೆ ಬರುವ ಅಗ್ನಿಶಾಮಕದ ವಾಹನವೂ ಒಂದೇ.

ಇದಕ್ಕೆ ಕಾರಣ ಪ್ರಾಪ್ 13. 1978ರ ಜೂನ್ 6ರಂದು ಜನರೇ ವೋಟು ಹಾಕಿ ರಾಜ್ಯದ ಸಂವಿಧಾನಕ್ಕೆ ಸೇರಿಸಿದ ತಿದ್ದುಪಡಿ. ನೂರಕ್ಕೆ ಹತ್ತಿರ ಹತ್ತಿರ 65 ಜನ ಹೌದು ಅಂದರು. ಅದು ಹೇಳುವುದು ಇಷ್ಟು. ಮೂಲ ಆಸ್ತಿ ತೆರಿಗೆ ಬೆಲೆಯ ಶೇಕಡಾ 1 ಮೀರಬಾರದು. ಬೆಲೆ ಅಂದರೆ ಇವತ್ತಿನ ಬೆಲೆ ಅಲ್ಲ, ಕೊಂಡಾಗಿನ ಬೆಲೆ. ಹಳಬರಿಗೆ 1975ರ ಬೆಲೆ. ಅದನ್ನು ವರ್ಷಕ್ಕೆ ಹೆಚ್ಚೆಂದರೆ ಶೇಕಡಾ 2 ಏರಿಸಬಹುದು, ಹಣದುಬ್ಬರ ಅದಕ್ಕಿಂತ ಕಮ್ಮಿ ಇದ್ದರೆ ಅಷ್ಟೇ. ಆಸ್ತಿ ಕೈ ಬದಲಾದರೆ ಅಥವಾ ಹೊಸದಾಗಿ ಕಟ್ಟಿದರೆ ಮಾತ್ರ ಇವತ್ತಿನ ಬೆಲೆಗೆ ಬರುತ್ತದೆ. ಇದು ನ್ಯಾಯವಾ ಅಂತ ಹೊಸದಾಗಿ ಮನೆ ಕೊಂಡವರೊಬ್ಬರು ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋದರು. 1992ರಲ್ಲಿ ಒಂಬತ್ತರಲ್ಲಿ ಎಂಟು ನ್ಯಾಯಮೂರ್ತಿಗಳು ಇದು ಸಂವಿಧಾನಕ್ಕೆ ವಿರುದ್ಧ ಅಲ್ಲ ಅಂದರು. ಅಲ್ಲಿಗೆ ಕೋರ್ಟಿನ ಬಾಗಿಲು ಮುಚ್ಚಿತು. ಬದಲಾಯಿಸುವುದಾದರೆ ಜನರೇ ಬದಲಾಯಿಸಬೇಕು.

ನಾನು ಪ್ರಾಪ್ 13 ಹುಟ್ಟಿದ್ದೇ ತಪ್ಪು ಅನ್ನುವವಳಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಇಲ್ಲಿ ಯಾರಾದರೂ ಅದರ ವಿರುದ್ಧ ಬಾಯಿ ತೆಗೆದರೆ ಸಾಕು, ಮುದುಕರನ್ನು ಬೀದಿಗೆ ಹಾಕೋಕೆ ಬಂದರು ಅನ್ನುತ್ತಾರೆ. 1960ರ ದಶಕದವರೆಗೂ ಬೆಲೆ ಕಟ್ಟುವ ಅಧಿಕಾರಿಗಳು ಮನೆಗಳಿಗೆ ಕಮ್ಮಿ ಬೆಲೆ ಹಾಕಿ ಜನರನ್ನು ಸಮಾಧಾನವಾಗಿ ಇಟ್ಟಿದ್ದರು. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲಂಚದ ಹಗರಣ ಬಯಲಾಯಿತು, ಎಲ್ಲಾ ಆಸ್ತಿಗೂ ಮಾರುಕಟ್ಟೆ ಬೆಲೆಯ ಒಂದೇ ಪಾಲಿನ ಮೇಲೆ ತೆರಿಗೆ ಹಾಕಿ ಅಂತ ಕಾನೂನು ಬಂತು. ಕಾನೂನು ಸರಿಯಾಗೇ ಇತ್ತು. ಆದರೆ ಎಪ್ಪತ್ತರ ದಶಕದಲ್ಲಿ ಮನೆ ಬೆಲೆ ಒಂದೇ ಸಮನೆ ಏರಿ, ಬೆಲೆ ಜೊತೆಗೇ ಬಿಲ್ಲೂ ಏರಿತು. ಪಿಂಚಣಿಯಲ್ಲಿ ಬದುಕುವವರ ಕೈಗೆ ಬರುವ ದುಡ್ಡು ಮಾತ್ರ ಏರಲಿಲ್ಲ. ಅದೇ ಹೊತ್ತಿಗೆ ರಾಜ್ಯ ಸರ್ಕಾರದ ಬೊಕ್ಕಸದಲ್ಲಿ ಸುಮಾರು 500 ಕೋಟಿ ಡಾಲರ್ ಉಳಿತಾಯ ಸುಮ್ನೆ ಕೂತಿತ್ತು. ಜನಕ್ಕೆ ಸಿಟ್ಟು ಬಾರದೆ ಇನ್ನೇನು?

ಅಜ್ಜಿಯ ಯಜಮಾನರು ಇಲ್ಲೇ ಫ್ರೀಮಾಂಟ್‌ನ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿದ್ದರು. ಅದು 1982ರಲ್ಲಿ ಮುಚ್ಚಿತು. "ಆವತ್ತು ಹಳೇ ಥರ ಕಂದಾಯ ಬಂದಿದ್ದರೆ ಈ ಮನೆ ನಮ್ಮ ಕೈಯಲ್ಲಿ ಉಳಿಯುತ್ತಿರಲಿಲ್ಲ" ಅಂತ ಅಜ್ಜಿ ಹೇಳುತ್ತಾರೆ. ಅವರು 1978ರಲ್ಲಿ ಹೌದು ಅಂತಲೇ ವೋಟು ಹಾಕಿದವರು. ಅವರ ಜಾಗದಲ್ಲಿ ನಾನಿದ್ದಿದ್ದರೂ ಅದನ್ನೇ ಮಾಡುತ್ತಿದ್ದೆ.

ತೊಂದರೆ ಇರುವುದು ಅಜ್ಜಿಯಂಥವರಿಗೆ ಹಿಡಿದ ಆ ಕೊಡೆಯಡಿ ಇನ್ನೂ ಯಾರ‍್ಯಾರು ಸೇರಿಕೊಂಡರು ಅನ್ನುವುದರಲ್ಲಿ. ತಿದ್ದುಪಡಿಯಲ್ಲಿ ಮನೆಗಳಿಗೆ ಮಾತ್ರ ಅಂತ ಬರೆದಿರಲಿಲ್ಲ. ಆಫೀಸು ಕಟ್ಟಡ, ಮಾಲು, ಕಾರ್ಖಾನೆ, ಗೋದಾಮು, ಹೋಟೆಲ್ಲು, ಎಲ್ಲಕ್ಕೂ ಅದೇ ನಿಯಮ. ಈ ಚಳವಳಿಯ ಮುಂದಾಳು ಹೋವರ್ಡ್ ಜಾರ್ವಿಸ್ ಲಾಸ್ ಏಂಜಲೀಸ್‌ನಲ್ಲಿ ಅಪಾರ್ಟ್‌ಮೆಂಟ್ ಮಾಲೀಕರ ಸಂಘದ ಮುಖ್ಯಸ್ಥರಾಗಿದ್ದವರು. ಮನುಷ್ಯ ಆದರೆ ಒಂದು ದಿನ ಮನೆ ಮಾರುತ್ತಾನೆ, ಇಲ್ಲಾ ಸಾಯುತ್ತಾನೆ. ಆಗ ಸಾಮಾನ್ಯವಾಗಿ ಬೆಲೆ ಹೊಸದಾಗುತ್ತದೆ. ಕಂಪನಿಗೆ ಸಾವೂ ಇಲ್ಲ, ಮನೆ ಬದಲಾಯಿಸುವ ಹಣೆಬರಹವೂ ಇಲ್ಲ. ಡಿಸ್ನಿಲ್ಯಾಂಡ್‌ನ ಹಳೇ ಜಾಗದ ಬಹುಪಾಲಿಗೆ ಇವತ್ತಿಗೂ 1975ರ ಬೆಲೆಯನ್ನು ಹಿಡಿದೇ ತೆರಿಗೆ. ಕೈ ಬದಲಾದರೂ ತಪ್ಪಿಸಿಕೊಳ್ಳುವ ದಾರಿ ಇದೆ. ಆಸ್ತಿ ಇರುವ ಕಂಪನಿಯನ್ನೇ ಕೊಂಡಾಗ ಯಾವೊಬ್ಬರಿಗೂ ಅರ್ಧಕ್ಕಿಂತ ಜಾಸ್ತಿ ಪಾಲು ಸೇರದಿದ್ದರೆ ಅದು 'ಮಾಲೀಕತ್ವದ ಬದಲಾವಣೆ' ಅಲ್ಲವಂತೆ. 2006ರಲ್ಲಿ ಸಾಂಟಾ ಮೋನಿಕಾದ ಸಮುದ್ರ ತೀರದ ಒಂದು ದೊಡ್ಡ ಹೋಟೆಲ್ ಹೀಗೇ ಕೈ ಬದಲಾಯಿತು. ಗಂಡ, ಹೆಂಡತಿ, ಅವರದ್ದೇ ಸಂಸ್ಥೆಗಳು ಅಂತ ಪಾಲು ಹಂಚಿಕೊಂಡರು. ಯಾರದ್ದೂ ಅರ್ಧ ದಾಟಲಿಲ್ಲ. ಕೌಂಟಿ ಹೊಸ ಬೆಲೆ ಹಾಕಲು ನೋಡಿ ಕೋರ್ಟಿನಲ್ಲಿ ಸೋತಿತು. ನಾನು, ನೀವು ಮನೆ ಕೊಳ್ಳುವಾಗ ಹೀಗೆ ಮಾಡೋಕಾಗುತ್ತದಾ?

ಇನ್ನೊಂದು ಷರತ್ತು ಬಹಳ ಜನಕ್ಕೆ ಗೊತ್ತೇ ಇಲ್ಲ. ಪ್ರಾಪ್ 13ರ ಒಳಗೇ ಅದನ್ನೂ ಸೇರಿಸಿದ್ದರು. ಶಾಸನಸಭೆ ರಾಜ್ಯದ ಯಾವುದೇ ತೆರಿಗೆ ಏರಿಸಬೇಕಾದರೆ ಅದರ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು. ನಗರಸಭೆಯೋ ಶಾಲಾ ಮಂಡಳಿಯೋ ಒಂದು ನಿರ್ದಿಷ್ಟ ಕೆಲಸಕ್ಕೆ ಅಂತ ತೆರಿಗೆಯನ್ನು ವೋಟಿಗಿಟ್ಟರೂ ಮತದಾರರ ಮೂರನೇ ಎರಡು ಭಾಗ ಒಪ್ಪಬೇಕು. ಬಜೆಟ್ ಪಾಸಾಗುವುದಕ್ಕೆ ಇಂಥದೇ ನಿಯಮ ಮೊದಲಿನಿಂದಲೂ ಇತ್ತು. 2010ರಲ್ಲಿ ಜನ ಅದನ್ನು ತೆಗೆದರು, ಈಗ ಬಜೆಟ್‌ಗೆ ಸರಳ ಬಹುಮತ ಸಾಕು. ತೆರಿಗೆಗೆ ಮಾತ್ರ ಹಳೇ ಬೀಗ ಹಾಗೇ ಇದೆ. ಅಂದರೆ ನೂರರಲ್ಲಿ 34 ಜನ ಬೇಡ ಅಂದರೆ 66 ಜನರ ಮಾತು ನಡೆಯುವುದಿಲ್ಲ.

ಬೊಕ್ಕಸಕ್ಕೆ ಏನಾಯಿತು ಅಂತ ಈಗ ಹೇಳುತ್ತೇನೆ. 1978ರಲ್ಲಿ ಆಸ್ತಿ ತೆರಿಗೆಯ ಆದಾಯ ಒಂದೇ ಏಟಿಗೆ ಅರ್ಧಕ್ಕಿಂತ ಜಾಸ್ತಿ ಬಿತ್ತು. ಶಾಲೆ, ಕೌಂಟಿ, ನಗರಸಭೆ ಎಲ್ಲವೂ ಅದನ್ನೇ ನಂಬಿದ್ದವು. ರಾಜ್ಯ ಸರ್ಕಾರ ತನ್ನ ಉಳಿತಾಯದ ದುಡ್ಡು ಸುರಿದು ಅವನ್ನು ಎತ್ತಿ ಹಿಡಿಯಿತು. ಮರುವರ್ಷ, 1979ರಲ್ಲಿ, ಇದ್ದ ಆಸ್ತಿ ತೆರಿಗೆಯನ್ನು ಯಾರಿಗೆ ಎಷ್ಟು ಅಂತ ಹಂಚುವ ಕೆಲಸವನ್ನೂ ರಾಜಧಾನಿ ಸ್ಯಾಕ್ರಮೆಂಟೋ ತನ್ನ ಕೈಗೇ ತಗೊಂಡಿತು. ಆ ಹಂಚಿಕೆ ಆಗಿನ ಕಾಲದ ಪಾಲಿನ ಲೆಕ್ಕದ ಮೇಲೆ ಕೂತಿದೆ, ಇವತ್ತಿಗೂ. ನಮ್ಮೂರಿನ ಶಾಲೆಯ ಖರ್ಚನ್ನು ನಮ್ಮೂರಿನವರು ಕೂತು ತೀರ್ಮಾನ ಮಾಡುವ ಕಾಲ ಹೋಯಿತು.

ಶಾಲೆಗಳ ಹೊಣೆ ರಾಜ್ಯದ ತಲೆಗೆ ಬಂತು. ಅದಕ್ಕೆ ದುಡ್ಡು ಎಲ್ಲಿಂದ? ಆದಾಯ ತೆರಿಗೆಯಿಂದ. ಅದರಲ್ಲೂ ತುಂಬಾ ದೊಡ್ಡ ಆದಾಯದ ಕೆಲವೇ ಜನರಿಂದ. ಅವರ ಆದಾಯ ಅಂದರೆ ಸಂಬಳ ಮಾತ್ರ ಅಲ್ಲ, ಷೇರು ಮಾರಿದ ಲಾಭ. ಷೇರುಪೇಟೆ ಎದ್ದ ವರ್ಷ ಬೊಕ್ಕಸ ಹೊಳೆಯ ಹಾಗೆ ಉಕ್ಕುತ್ತದೆ, ಬಿದ್ದ ವರ್ಷ ಮರಳು ಕಾಣುತ್ತದೆ. 2022ರ ಮೇ ತಿಂಗಳಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ 9,750 ಕೋಟಿ ಡಾಲರ್ ಮಿಗತೆ ಇದೆ ಅಂದರು. ಮರುವರ್ಷ ಡಿಸೆಂಬರ್‌ನಲ್ಲಿ ಶಾಸನಸಭೆಯ ಲೆಕ್ಕತಜ್ಞರ ಕಚೇರಿ 6,800 ಕೋಟಿ ಡಾಲರ್ ಖೋತಾ ಅಂದಿತು. ನಡುವೆ ಎರಡು ವರ್ಷವೂ ಕಳೆದಿರಲಿಲ್ಲ. ಅಣ್ಣಾ, ನಿನ್ನ ಪ್ರಶ್ನೆಗೆ ಉತ್ತರ ಇದು. ದುಡ್ಡಿಲ್ಲದ ರಾಜ್ಯ ಅಲ್ಲ ಇದು. ದುಡ್ಡು ಯಾವ ವರ್ಷ ಬರುತ್ತದೆ ಅಂತ ಹೇಳಲಾಗದ ರಾಜ್ಯ. ಆಸ್ತಿ ತೆರಿಗೆ ಹಾಗಲ್ಲ. ಕಟ್ಟಡ ಎಲ್ಲಿಗೂ ಓಡಿಹೋಗುವುದಿಲ್ಲ.

2009 ನೆನೆಸಿಕೊಂಡರೆ ನನಗೆ ಇವತ್ತಿಗೂ ಹೊಟ್ಟೆ ಕಿವುಚುತ್ತದೆ. ಒಂದೇ ವರ್ಷದಲ್ಲಿ ರಾಜ್ಯದ ಸಾಮಾನ್ಯ ನಿಧಿಯ ಆದಾಯ ಸುಮಾರು ಐದನೇ ಒಂದು ಭಾಗ ಬಿದ್ದಿತ್ತು. ಬೇಸಿಗೆ ಹೊತ್ತಿಗೆ 2,600 ಕೋಟಿ ಡಾಲರ್ ಕೊರತೆ. ಗವರ್ನರ್ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಒಂದು ಕಡೆ, ಶಾಸನಸಭೆ ಇನ್ನೊಂದು ಕಡೆ, ಮೂರನೇ ಎರಡು ಭಾಗ ಕೂಡಲೇ ಇಲ್ಲ. ಜುಲೈ 2ರಿಂದ ಸರ್ಕಾರ ಚೆಕ್ ಬದಲು ಐಓಯು ಕೊಡೋಕೆ ಶುರು ಮಾಡಿತು. ಅಂದರೆ 'ನಿಮಗೆ ಇಷ್ಟು ಕೊಡಬೇಕು, ಆಮೇಲೆ ಕೊಡುತ್ತೇವೆ' ಅನ್ನುವ ಚೀಟಿ.

ನಮ್ಮ ತೆರಿಗೆ ರೀಫಂಡ್ ಹಾಗೇ ಬಂತು. ನೋಡೋಕೆ ಚೆಕ್ಕಿನ ಹಾಗೇ ಇತ್ತು. 'ರಿಜಿಸ್ಟರ್ಡ್ ವಾರಂಟ್' ಅಂತ ಬರೆದಿತ್ತು, ಅಕ್ಟೋಬರ್ 2ರ ತಾರೀಕು ಇತ್ತು, ಶೇಕಡಾ 3.75 ಬಡ್ಡಿ. ತಗೊಂಡು ನಮ್ಮ ಬ್ಯಾಂಕಿಗೆ ಹೋದೆ. ಕೌಂಟರ್‌ನಲ್ಲಿದ್ದ ಹುಡುಗಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮೇಲಿನವರನ್ನು ಕೇಳಿ ಬಂದು, "ನಿನ್ನೆಯಿಂದ ಇದನ್ನು ತಗೊಳ್ಳುತ್ತಿಲ್ಲ, ಕ್ಷಮಿಸಿ" ಅಂದಳು. ನನ್ನ ಹಿಂದೆ ಕ್ಯೂನಲ್ಲಿ ಒಬ್ಬಾತ ನಿಂತಿದ್ದ, ಅವನ ಕೈಯಲ್ಲೂ ಅಂಥದ್ದೇ ಚೀಟಿ. ಸರ್ಕಾರಿ ಕಟ್ಟಡಗಳಿಗೆ ಸಾಮಾನು ಸರಬರಾಜು ಮಾಡುವ ಸಣ್ಣ ವ್ಯಾಪಾರಿ. ಅವನ ಕೆಲಸಗಾರರಿಗೆ ಶುಕ್ರವಾರ ಸಂಬಳ ಆಗಬೇಕಿತ್ತು. ನಮಗೆ ಆ ದುಡ್ಡು ಎರಡು ತಿಂಗಳು ತಡವಾದರೆ ಏನೂ ಮುಳುಗುತ್ತಿರಲಿಲ್ಲ. ಅವನ ಮುಖ ನನಗೆ ಮರೆತಿಲ್ಲ.

ಮಗಳು ಆಗ ಮೂರನೇ ಕ್ಲಾಸು. 1996ರಿಂದ ಮೂರನೇ ಕ್ಲಾಸಿನವರೆಗೆ ಕೋಣೆಗೆ 20 ಮಕ್ಕಳು ಅನ್ನುವ ಯೋಜನೆ ಇತ್ತು. ಆ ವರ್ಷ ಅದೇ ಕೋಣೆಯಲ್ಲಿ 30 ಮಕ್ಕಳು ಕೂತರು. ಬಾಗಿಲ ಹತ್ತಿರ ಇದ್ದ ಓದುವ ಮೂಲೆ, ಒಂದು ಚಾಪೆ, ನಾಲ್ಕು ದಿಂಬು, ಒಂದು ಪುಸ್ತಕದ ಕಪಾಟು ಇಷ್ಟೇ, ಅದನ್ನು ತೆಗೆದು ಅಲ್ಲಿ ಡೆಸ್ಕು ಹಾಕಿದರು. ಅದಕ್ಕೂ ಮುಂಚೆ ಮಾರ್ಚ್‌ನಲ್ಲೇ ಅವಳ ಟೀಚರ್‌ಗೆ ಕೆಲಸ ಹೋಗಬಹುದು ಅನ್ನುವ ನೋಟಿಸು ಬಂದಿತ್ತು. ಇಲ್ಲಿನ ಕಾನೂನಿನ ಪ್ರಕಾರ ಮಾರ್ಚ್ 15ರೊಳಗೆ ಅದನ್ನು ಕೊಡಬೇಕು, ಬಜೆಟ್ ಇನ್ನೂ ಆಗಿರುವುದೇ ಇಲ್ಲ, ಆದ್ದರಿಂದ ಭಯಕ್ಕೆ ಎಲ್ಲರಿಗೂ ಕೊಟ್ಟುಬಿಡುತ್ತಾರೆ. ಮನೆಯಿಂದ ಬಿಳಿ ಹಾಳೆ ಕಳಿಸಿ ಅಂತ ಚೀಟಿ ಬಂತು. ಶಾಲೆಗಳಿಗೆ ಅಂತ ಪ್ರತಿ ಮನೆಗೂ ಒಂದು ಸಣ್ಣ ತೆರಿಗೆ ಹಾಕೋಣ ಅಂತ ವೋಟಿಗಿಟ್ಟರೆ, ಅರ್ಧಕ್ಕಿಂತ ಎಷ್ಟೋ ಜಾಸ್ತಿ ಜನ ಹೌದು ಅಂದರೂ ಮೂರನೇ ಎರಡು ಭಾಗ ಮುಟ್ಟದೆ ಬಿದ್ದುಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಷೇರುಪೇಟೆಗೆ ಜ್ವರ ಬಂದರೆ ಇಲ್ಲಿ ಮೂರನೇ ಕ್ಲಾಸಿನ ಮಕ್ಕಳಿಗೆ ಬರೆ.

ಎಲ್ಲಾ ತಪ್ಪನ್ನೂ ಪ್ರಾಪ್ 13ರ ತಲೆಗೆ ಕಟ್ಟುವುದು ಸರಿಯಲ್ಲ, ಅದನ್ನೂ ಹೇಳಿಬಿಡುತ್ತೇನೆ. 2009ರಲ್ಲಿ ದೇಶವೇ ಕುಸಿದಿತ್ತು, ಬೇರೆ ರಾಜ್ಯಗಳಿಗೂ ಏಟು ಬಿತ್ತು. ಒಳ್ಳೇ ವರ್ಷಗಳಲ್ಲಿ ಕೈಬಿಚ್ಚಿ ಪಿಂಚಣಿ ಏರಿಸಿದವರೂ ಇದ್ದಾರೆ. ಜೈಲುಗಳ ಖರ್ಚು ಬೆಳೆದಿದ್ದು ಬೇರೆ ಕಥೆ. ಹೊಳೆಗೆ ಸುರಿದರೂ ಅಳೆದು ಸುರಿಯಬೇಕು, ಸ್ಯಾಕ್ರಮೆಂಟೋದಲ್ಲಿ ಅದು ಎಲ್ಲಾ ಸಲ ಆಗಿಲ್ಲ. 2014ರಲ್ಲಿ ಜನ ಒಪ್ಪಿದ ಕಷ್ಟಕಾಲದ ನಿಧಿಯ ನಿಯಮ ಆಮೇಲೆ ಸ್ವಲ್ಪ ಕೈ ಹಿಡಿಯಿತು. 2012ರಲ್ಲಿ ಜೆರ‍್ರಿ ಬ್ರೌನ್ ಗವರ್ನರ್ ಆಗಿದ್ದಾಗ ತೆರಿಗೆ ಏರಿಸುವ ಪ್ರಾಪ್ 30 ಜನರ ವೋಟಿನಲ್ಲಿ ಪಾಸಾಗಿ ಶಾಲೆಗಳು ಉಸಿರಾಡಿದವು. ಆದರೆ ಅದರಲ್ಲೂ ದುಡ್ಡು ಬಂದಿದ್ದು ಹೆಚ್ಚಾಗಿ ದೊಡ್ಡ ಆದಾಯದವರ ಮೇಲಿನ ತೆರಿಗೆಯಿಂದಲೇ. ಆ ಹೊತ್ತಿಗೆ ಬೇರೆ ದಾರಿ ಇರಲಿಲ್ಲ ನಿಜ. ಆದರೂ ಅಲುಗಾಡುವ ಕಂಬದ ಮೇಲೆ ಇನ್ನಷ್ಟು ಭಾರ ಹೇರಿದಂತಾಯಿತು.

ಸರಿಮಾಡುವ ಅವಕಾಶ ಬಂದಿತ್ತು. 2020ರ ನವೆಂಬರ್‌ನಲ್ಲಿ ಪ್ರಾಪ್ 15. ಮನೆಗಳಿಗೆ, ಅಪಾರ್ಟ್‌ಮೆಂಟುಗಳಿಗೆ, ಕೃಷಿ ಭೂಮಿಗೆ ಹಳೇ ರಕ್ಷಣೆ ಹಾಗೇ ಇರಲಿ. 30 ಲಕ್ಷ ಡಾಲರ್ ಮೀರದ ವ್ಯಾಪಾರದ ಆಸ್ತಿಯವರಿಗೂ ಇರಲಿ. ಅದಕ್ಕಿಂತ ದೊಡ್ಡ ವಾಣಿಜ್ಯ, ಕೈಗಾರಿಕಾ ಆಸ್ತಿಗೆ ಮಾತ್ರ ಮಾರುಕಟ್ಟೆ ಬೆಲೆ. ವರ್ಷಕ್ಕೆ 650 ಕೋಟಿಯಿಂದ 1,150 ಕೋಟಿ ಡಾಲರ್‌ವರೆಗೆ ಶಾಲೆಗಳಿಗೂ ಊರುಗಳಿಗೂ ಸಿಗಬಹುದು ಅನ್ನುವ ಅಂದಾಜಿತ್ತು. ಸೋತುಹೋಯಿತು. 48 ಹೌದು, 52 ಬೇಡ.

ಆಗ ನಮ್ಮ ಕನ್ನಡದ ಸ್ನೇಹಿತರ ಜೊತೆ ಎಷ್ಟು ವಾದ ಮಾಡಿದ್ದೆನೋ. ಒಬ್ಬರು ಹೇಳಿದರು, ಇವತ್ತು ಆಫೀಸು, ನಾಳೆ ನಮ್ಮ ಮನೆ. ಅದು ಹಾಗಲ್ಲ. ಮನೆಗಳ ರಕ್ಷಣೆ ಸಂವಿಧಾನದಲ್ಲೇ ಇದೆ, ಅದನ್ನು ತೆಗೆಯಬೇಕಾದರೆ ಮತ್ತೆ ಇಡೀ ರಾಜ್ಯದ ಜನ ವೋಟು ಹಾಕಬೇಕು. ತಮ್ಮ ಮನೆ ಕಂದಾಯ ಏರಿಸಿ ಅಂತ ಯಾರು ವೋಟು ಹಾಕುತ್ತಾರೆ ಹೇಳಿ. ಇನ್ನೊಬ್ಬರ ಮಾತಿನಲ್ಲಿ ತೂಕ ಇತ್ತು. ದೊಡ್ಡ ಮಾಲೀಕ ಆ ತೆರಿಗೆಯನ್ನು ಬಾಡಿಗೆಗಿರುವ ಸಣ್ಣ ಅಂಗಡಿಯವನ ಮೇಲೆ ಹಾಕುತ್ತಾನೆ ಅಂದರು. ಕೆಲವು ಕರಾರುಗಳಲ್ಲಿ ಹಾಗಿರುತ್ತದೆ, ಒಪ್ಪುತ್ತೇನೆ. ಆದರೆ ಹೋದ ವರ್ಷ ಕೈ ಬದಲಾದ ಕಟ್ಟಡದಲ್ಲಿರುವ ಸಣ್ಣ ಅಂಗಡಿಯವನು ಈಗಲೇ ಆ ಭಾರ ಹೊರುತ್ತಿದ್ದಾನೆ, ಪಕ್ಕದ ಹಳೇ ಕಟ್ಟಡದ ಮಾಲೀಕ ಬೀದಿಯ ದರದಲ್ಲೇ ಬಾಡಿಗೆ ತಗೊಂಡು ವ್ಯತ್ಯಾಸವನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದಾನೆ. ಮುಂದಿನ ಸಲ ಸಣ್ಣ ಬಾಡಿಗೆದಾರರಿಗೆ ಇನ್ನೂ ಗಟ್ಟಿ ರಕ್ಷಣೆ ಬರೆಯಲಿ. ಏರಿಕೆಯನ್ನು ಐದಾರು ವರ್ಷಕ್ಕೆ ಹಂಚಲಿ. ಯಾಕೆ ಆಗಬಾರದು?

ಕಡೆಗೆ ಎಲ್ಲರೂ ಬಂದು ನಿಲ್ಲುವುದು ಒಂದೇ ಮಾತಿಗೆ. "ನಮಗೂ ಲಾಭ ಆಗ್ತಿದೆ ಅಲ್ವಾ, ಸುಮ್ನೆ ಯಾಕೆ ಕೆದಕೋದು?" ಹೌದು, ನಮಗೂ ಲಾಭ ಆಗುತ್ತಿದೆ. ಎದುರಿನ ಮನೆಯವರು ಕೊಡುವುದರ ಅರ್ಧ ಮಾತ್ರ ನಾನು ಕೊಡುತ್ತೇನೆ. ಆ ಹುಡುಗಿಗೆ ಈಗ ಆರು ತಿಂಗಳ ಮಗು. ಸಾಲದ ಕಂತು, ಡೇಕೇರ್, ಅದರ ಮೇಲೆ ಈ ಹತ್ತೊಂಬತ್ತು ಸಾವಿರ. ನಾವು ನಲವತ್ತು ಡಾಲರ್‌ನ ಶಾಲೆ ತೆರಿಗೆಗೆ ಗೊಣಗುವಾಗ ಅವಳು ಸುಮ್ಮನೆ ಕೇಳಿಸಿಕೊಳ್ಳುತ್ತಾಳೆ. ನನಗೆ ನಾಚಿಕೆ ಆಗುತ್ತದೆ. ಪಕ್ಕದ ಅಜ್ಜಿಯ ಸಾವಿರ ಡಾಲರ್ ಬಗ್ಗೆ ಆ ಹುಡುಗಿಯೂ ಒಂದು ದಿನ ಬೇಸರ ಮಾಡಿಕೊಂಡಿಲ್ಲ. "ಅವರು ಇರಲಿ, ಅವರು ಹೋದರೆ ನಮ್ಮ ಮಗುಗೆ ಅಜ್ಜಿ ಎಲ್ಲಿ" ಅನ್ನುತ್ತಾಳೆ.

ಆದ್ದರಿಂದ ನಮ್ಮವರಲ್ಲಿ ಕೇಳಿಕೊಳ್ಳುವುದು ಇಷ್ಟೇ. ಜನರೇ ತರುವ ಸಂವಿಧಾನದ ತಿದ್ದುಪಡಿ ಮತಪತ್ರಕ್ಕೆ ಬರಬೇಕಾದರೆ ಮೊದಲು ಲಕ್ಷಾಂತರ ಸಹಿ ಬೇಕು. ಅಂಗಡಿ ಬಾಗಿಲಲ್ಲಿ ಹಲಗೆ ಹಿಡಿದು ನಿಂತವರನ್ನು ನೋಡಿ ನಾವೆಲ್ಲ ಫೋನ್ ಕಿವಿಗಿಟ್ಟು ಪಕ್ಕಕ್ಕೆ ಸರಿದು ಹೋಗುತ್ತೇವೆ. ಮುಂದಿನ ಸಲ ನಿಲ್ಲಿ. ಮನೆಗಳ ರಕ್ಷಣೆ ಹಾಗೇ ಇದೆಯಾ ಅಂತ ಕೇಳಿ. ದೊಡ್ಡ ವ್ಯಾಪಾರದ ಕಟ್ಟಡಕ್ಕೆ ಇವತ್ತಿನ ಬೆಲೆಯಾ ಅಂತ ಕೇಳಿ. ಎರಡಕ್ಕೂ ಹೌದು ಅಂದರೆ ಕಾಗದ ಪೂರ್ತಿ ಓದಿ, ಓದಿದ ಮೇಲೆ ಸಹಿ ಹಾಕಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ಫ್ರೀಮಾಂಟ್, ಕ್ಯಾಲಿಫೋರ್ನಿಯಾ